ಹೊಟ್ಟೆ ಬಿಟ್ಟು ಹೊಲಿದ ಹಾಯಿ

ಟ್ರೇಲರಿನ ಚಕ್ರ ಎಮ್ಮಿಗನೂರು ದಾಟುವ ಮೊದಲೇ ಕಳಚಿಕೊಳ್ಳಬಹುದಿತ್ತು. ಕೊಂಡಿ ಬಿಟ್ಟುಕೊಂಡು ನನ್ನ ಪಿಕಪ್ ಗಾಡಿ ಒಂದು ಕಡೆ, ದೋಣಿ ಒಂದು ಕಡೆ ಹೋಗಬಹುದಿತ್ತು. ಹಿಂದೆ ಬರುತ್ತಿದ್ದ ಹತ್ತಿ ಲಾರಿಯವನು ರಸ್ತೆಯ ಮೇಲೆ ದೋಣಿ ಕಂಡ ಬೆರಗಿನಲ್ಲಿ ಬ್ರೇಕು ಮರೆಯಬಹುದಿತ್ತು. ನೀರಿಗಿಳಿದ ಮೇಲೆ ತಳದ ಬಿರಡೆ ಕಿತ್ತುಕೊಳ್ಳಬಹುದಿತ್ತು, ಕಂಬ ಮುರಿಯಬಹುದಿತ್ತು, ಬೋರ್‌ವೆಲ್ ಅಂಗಡಿಯಿಂದ ತಂದ ಹಗ್ಗ ನಡುನೀರಿನಲ್ಲಿ ಕೈಕೊಡಬಹುದಿತ್ತು. ಹಾಯಿಯ ಹೊಲಿಗೆ ಬಿಟ್ಟು, ಆದೋನಿಯ ಬಜಾರಿನಲ್ಲಿ ನಾನು ತಲೆ ಎತ್ತದಂತಾಗಬಹುದಿತ್ತು. ಮೊಸಳೆ ಇರಬಹುದಿತ್ತು. ಇಲ್ಲ ಅಂತ ಎಲ್ಲರೂ ಹೇಳಿದ್ದರು. ಎಲ್ಲರೂ ಒಂದೇ ಮಾತು ಹೇಳಿದರೆ ನನಗೆ ಅನುಮಾನ ಹೆಚ್ಚು. ಇವೆಲ್ಲ ಹೋಗಲಿ... ಒಬ್ಬರೇ ದೋಣಿಯಲ್ಲಿ ಹೋದ ಅಕ್ಕ ಬೇಕೆಂದೇ ವಾಪಸ್ ಬಾರದೆ ಇರಬಹುದಿತ್ತು.

ಈ ಕೊನೆಯದನ್ನು ಮಾತ್ರ ಯಾರೆದುರೂ ಬಾಯಿಬಿಟ್ಟಿರಲಿಲ್ಲ. ಉಳಿದವನ್ನು ಹಿಂದಿನ ದಿನ ಹೆಂಡತಿಗೆ ಒಂದೊಂದಾಗಿ ಹೇಳಿದ್ದೆ. ಆಕೆ ರೊಟ್ಟಿ ಬಡಿಯುತ್ತಲೇ ಕೇಳಿ, "ಮೊಸಳಿ ಒಂದ ಬಾಕಿ ಇತ್ತು, ಅದನ್ನೂ ತಂದ್ರಿ," ಅಂದಿದ್ದಳು.

ಈ ವಾರ ಪಕ್ಕದ ಅಂಗಡಿಯವರು ಹೊಸ ಬಾಗಿಲಿಗೆ ವಾರ್ನಿಷ್ ಹೊಡೆಸುತ್ತಿದ್ದಾರೆ. ಬಿಸಿಲಿಗೆ ಆ ವಾಸನೆ ನನ್ನ ಗಲ್ಲಾದವರೆಗೂ ಬಂದು ಕೂರುತ್ತದೆ. ಗಿರಾಕಿಗಳು ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಕತ್ತರಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ, ಹಿಂದಿನ ಓಣಿಯ ಅಕ್ಕನ ಅಂಗಳಕ್ಕೆ ಹೋಗಿಬಿಟ್ಟಿರುತ್ತೇನೆ. ಅಲ್ಲಿ ತಿಂಗಳುಗಟ್ಟಲೆ ಇದೇ ವಾಸನೆ ಇತ್ತು.

ನನ್ನದು ತಾಡಪತ್ರಿ ಅಂಗಡಿ, ಅಪ್ಪನ ಕಾಲದ್ದು. ಹತ್ತಿ ಬೇಲು ಹೊತ್ತ ಲಾರಿಗಳಿಗೆ ಹೊದಿಕೆ ಹೊಲಿದು ಕೊಡುವುದೇ ನಮ್ಮ ಕೆಲಸ. ಅಂಗಡಿಯ ಹಿಂದೆ ಗೋಡಾನು, ಗೋಡಾನಿನ ಗೋಡೆಗೆ ಹೊಂದಿಕೊಂಡು ಅಕ್ಕನ ಮನೆ. ಒಡಹುಟ್ಟಿದವರಲ್ಲ, ವಯಸ್ಸಿಗೆ ಅಕ್ಕ ಅನ್ನುತ್ತಿದ್ದೆ. ಅವರು ಹುಟ್ಟಿದ್ದು ಇಲ್ಲೇ ಆದೋನಿ ಪಕ್ಕದ ಪೆದ್ದಹರಿವಾಣದಲ್ಲಿ. ಬಂದರಿನಲ್ಲಿ ನೌಕರಿಯಲ್ಲಿದ್ದವರನ್ನು ಮದುವೆಯಾಗಿ, ಜೀವಮಾನವೆಲ್ಲ ಸಮುದ್ರದ ದಂಡೆಯಲ್ಲಿ ಕಳೆದು, ಗಂಡ ತೀರಿಕೊಂಡ ಮೇಲೆ ವಾಪಸ್ ಬಂದಿದ್ದರು. ಸಾಮಾನಿನ ಲಾರಿ ಓಣಿಗೆ ಬಂದ ದಿನ ಅದರ ಹಿಂದೆ ಎರಡು ಚಕ್ರದ ಟ್ರೇಲರಿನ ಮೇಲೆ ಒಂದು ಸಣ್ಣ ಮರದ ಹಾಯಿದೋಣಿಯೂ ಬಂತು. ಕುಡಿಯುವ ನೀರಿಗೆ ಬಿಂದಿಗೆ ಹಿಡಿದು ನಿಲ್ಲುವ ಓಣಿಗೆ ದೋಣಿ.

ಯಾರು ಸುಮ್ಮನಿರುತ್ತಾರೆ? ಚಾ ಅಂಗಡಿಯವನು ಅವತ್ತೇ ತೀರ್ಪು ಕೊಟ್ಟ: "ವಜ್ರ ಹುಡುಕಾಕ ಬಂದಾಳ ಆಯಮ್ಮ. ಮಂದಿ ಎಲ್ಲಾ ಮಳಿ ಬಿದ್ದಮ್ಯಾಲ ಹೊಲದಾಗ ಹುಡುಕಿದ್ರ, ಈಕಿ ಹೊಳ್ಯಾಗ ಹುಡುಕ್ತಾಳ ನೋಡು." ನಾನು ಅಷ್ಟು ದೂರ ಹೋಗಲಿಲ್ಲ. ದೋಣಿಯೊಳಗೆ ಏನೋ ತುಂಬಿ ತಂದಿದ್ದಾರೆ ಎಂದಷ್ಟೇ ಅನುಮಾನಪಟ್ಟು, ಗೋಡಾನಿನ ಕಿಟಕಿಯಿಂದ ಬಗ್ಗಿ ನೋಡಿದೆ. ಎರಡು ಕುಕ್ಕರು, ಒಂದು ತುಳಸಿ ಕುಂಡ ಇದ್ದವು. ಕುಂಡದ ಮಣ್ಣಿನ ಮೇಲೂ ನನಗೆ ಸ್ವಲ್ಪ ಅನುಮಾನವಿತ್ತು.

ನಮ್ಮ ಬಿಸಿಲಿಗೆ ಆ ದೋಣಿಯ ಹಲಗೆಗಳು ಒಣಗಿ ಸಂದು ಬಿಡತೊಡಗಿದವು. ಅಕ್ಕ ದಿನಾ ಬೆಳಿಗ್ಗೆ ಒಳಗೆ ಕೊಡಗಟ್ಟಲೆ ನೀರು ಸುರಿದು, ಮೇಲೆ ಹಸಿ ಗೋಣಿಚೀಲ ಹೊದಿಸುತ್ತಿದ್ದರು. ನೀರಿನಲ್ಲಿ ಉಬ್ಬಿದ ಮರ ತಾನಾಗಿಯೇ ಸಂದು ಮುಚ್ಚುತ್ತದಂತೆ. ಓಣಿಯ ಹೆಂಗಸರು ಕುದಿದರು. "ದೋಣಿ ನೀರಾಗ ಇರಬೇಕು ಅಂತ ಕೇಳಿದ್ವಿ. ದೋಣ್ಯಾಗ ನೀರು ಇರೋದು ಈಗ ನೋಡಿದ್ವಿ." ಅಕ್ಕ ಕೊಡದ ನೀರು ಸುರಿಯುವುದನ್ನು ಬಿಟ್ಟರು. ಪಾತ್ರೆ ತೊಳೆದ ನೀರು, ಬಟ್ಟೆ ಜಾಲಿಸಿದ ನೀರು ಎಲ್ಲವನ್ನೂ ದೋಣಿಗೇ ತಿರುಗಿಸಿದರು. ಸಂದು ಮುಚ್ಚಿದ ಮೇಲೆ ನೀರು ಚೆಲ್ಲಿ, ಒಂದು ವಾರ ನೆರಳಿಗೆ ಬಿಟ್ಟು, ಉಪ್ಪುಕಾಗದ ಹಿಡಿದು ಹಳೆಯ ಬಣ್ಣ ಉಜ್ಜಲು ಕೂತರು. ಅರವತ್ತು ದಾಟಿದ ಹೆಂಗಸು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮುಂಗೈಯೆಲ್ಲ ಬೂದಿ ಮಾಡಿಕೊಂಡು ಉಜ್ಜುತ್ತಲೇ ಇದ್ದರು. ಆಮೇಲೆ ಒಂದು ಕೈ ವಾರ್ನಿಷ್, ಒಣಗಿದ ಮೇಲೆ ಮತ್ತೆ ಉಜ್ಜು, ಮತ್ತೊಂದು ಕೈ. ಟ್ರೇಲರಿನ ಚಕ್ರ ಬಿಚ್ಚಿಸಿ ಬೇರಿಂಗಿಗೆ ಹೊಸ ಗ್ರೀಸು ತುಂಬಿಸಿದರು. ಹಾಯಿ ಏರಿಸುವ ಸಣ್ಣ ರಾಟೆಗಳು ಎಮ್ಮಿಗನೂರಿನ ಮಗ್ಗದ ಸಾಮಾನಿನ ಅಂಗಡಿಯಲ್ಲಿ ಸಿಕ್ಕವು. ಕೇಳಿದರೆ, "ನೀರಿಗೆ ಬಿಡಬೇಕು ತಮ್ಮಾ," ಅನ್ನುವರು. ಯಾಕೆ ಅಂತ ಹೇಳುತ್ತಿರಲಿಲ್ಲ.

ಕೊನೆಗೆ ಹಾಯಿಯ ಸರದಿ ಬಂದು, ಅಕ್ಕ ನನ್ನ ಅಂಗಡಿಗೇ ಬಂದರು. ಹಳೆಯ ಹಾಯಿಯನ್ನು ಇಲಿ ಕಡಿದಿತ್ತು. ಹೊಸ ಬಟ್ಟೆ ತಾವೇ ತರಿಸಿದ್ದರು, ಬೆಳ್ಳಗೆ, ಮುಟ್ಟಿದರೆ ಕಾಗದದ ಹಾಗೆ ಸದ್ದು ಮಾಡುವಂಥದ್ದು. "ಇದನ್ನ ನೋಡಿ ಇಂಥಾದ ಹೊಲಿದು ಕೊಡು," ಅಂದರು.

ಹಳೆಯದನ್ನು ನೆಲಕ್ಕೆ ಹಾಸಿದೆ. ಒಂದು ಅಂಚೂ ನೆಟ್ಟಗಿರಲಿಲ್ಲ. ಪಟ್ಟಿಗಳು ಒಂದು ತುದಿಗೆ ಅಗಲ, ಇನ್ನೊಂದು ತುದಿಗೆ ಸಣ್ಣ. ಎತ್ತ ಎಳೆದು ಹಾಸಿದರೂ ನಡುವೆ ಉಬ್ಬಿಕೊಂಡೇ ಇತ್ತು. ಸಮುದ್ರದ ಕಡೆಯ ದರ್ಜಿ ಯಾರೋ ಈ ಅಮ್ಮನಿಗೆ ಟೋಪಿ ಹಾಕಿದ್ದಾನೆ ಅಂದುಕೊಂಡೆ. ನಮ್ಮ ಕಸುಬಿನಲ್ಲಿ ಹೊದಿಕೆಗೆ ಹೊಟ್ಟೆ ಬರುವುದು ಅಂದರೆ ಮಾನ ಹೋದಂತೆ. ಹೊಟ್ಟೆ ಬಂದಲ್ಲಿ ಮಳೆನೀರು ನಿಲ್ಲುತ್ತದೆ, ಕೆಳಗಿನ ಹತ್ತಿ ಕೊಳೆಯುತ್ತದೆ, ಗಿರಾಕಿ ಅಂಗಡಿ ಮುಂದೆ ನಿಂತು ನಮ್ಮಪ್ಪನ ಹೆಸರು ಹಿಡಿದು ಬಯ್ಯುತ್ತಾನೆ. ಅಪ್ಪ ಹೊಲಿದ ತಾಡಪತ್ರಿಯ ಮೇಲೆ ಗೋಲಿ ಇಟ್ಟರೆ ಉರುಳುತ್ತಿರಲಿಲ್ಲ. ನಾನೂ ಹಾಗೆಯೇ, ಆ ದರ್ಜಿಯ ತಪ್ಪನ್ನೆಲ್ಲ ತಿದ್ದಿ, ದಾರ ಹಿಡಿದು ನೇರ ಕತ್ತರಿಸಿ, ಮೇಜಿನ ಹಾಗೆ ಸಪಾಟಾಗಿ ಹೊಲಿದು ಕೊಟ್ಟೆ.

ಸಂಜೆಗಾಳಿಯಲ್ಲಿ ಅಕ್ಕ ಅಂಗಳದಲ್ಲೇ ಕಂಬ ನಿಲ್ಲಿಸಿ ಹಾಯಿ ಏರಿಸಿದರು. ಅದು ಪಟಪಟ ಬಡಿದುಕೊಂಡಿತೇ ಹೊರತು ಗಾಳಿಯನ್ನು ಹಿಡಿಯಲಿಲ್ಲ.

"ತಮ್ಮಾ, ಗ್ವಾಡಿ ಕಟ್ಟಿಕೊಟ್ಟೀಯಲ್ಲೋ."

"ಸಪಾಟ ಐತಲ್ರೀ ಅಕ್ಕಾ. ಒಂದು ನೆರಿಗಿ ತೋರಿಸ್ರಿ."

"ಅದಕ್ಕ ಹೊಟ್ಟಿ ಬರಬೇಕು."

"ಹೊಟ್ಟಿ ಬಂದ್ರ ನೀರು ನಿಂದ್ರತಾವ್ರೀ."

"ನೀರು ಯಾರಿಗೆ ಬೇಕೋ, ಗಾಳಿ ನಿಂದ್ರಬೇಕು. ಹೊಟ್ಟಿ ಇಲ್ಲದ ಹಾಯಿ ಎಲ್ಲಿಗೂ ಒಯ್ಯಂಗಿಲ್ಲ."

ಹೊಲಿಗೆಯೆಲ್ಲ ಬಿಚ್ಚಿದೆ. ಅಪ್ಪ ಕಲಿಸಿದ್ದನ್ನೆಲ್ಲ ಉಲ್ಟಾ ಮಾಡಿ, ಹಳೆಯ ಹಾಯಿಯ ಪಟ್ಟಿಗಳನ್ನು ಅಳತೆಗಿಟ್ಟು, ಅಂಚುಗಳನ್ನು ಬಿಲ್ಲಿನಂತೆ ಬಾಗಿಸಿ ಕತ್ತರಿಸಿದೆ. ನಮ್ಮ ಕೆಲಸದವರು ಮಿಷನ್ ನಿಲ್ಲಿಸಿ ನೋಡಿದರು. "ಸಾವುಕಾರರಿಗೆ ಯಾರದೋ ಕೆಟ್ಟ ಕಣ್ಣು ಬಿತ್ತು," ಅಂತ ಒಬ್ಬ ತೆಲುಗಿನಲ್ಲಿ ಗೊಣಗಿದ್ದು ಕೇಳಿಸಿತು. ಆದರೂ ಕೈಗೆ ಒಂದು ತರಹದ ಖುಷಿ ಇತ್ತು... ಈಗಲೂ ಅದು ಏನಂತ ಹೇಳಲು ಬಾರದು. ಎರಡೆರಡು ಸಾಲು ಹೊಲಿದೆ, ಮೂಲೆಗಳಿಗೆ ಮೂರು ಪದರ ಇಟ್ಟೆ.

ಆ ಹೊತ್ತಿಗೇ ನನ್ನ ದೊಡ್ಡ ಅನುಮಾನ ಶುರುವಾದದ್ದು. ಅಕ್ಕ ತಮ್ಮ ಹೊಲಿಗೆ ಮಿಷನನ್ನು ಎದುರುಮನೆಯ ಹುಡುಗಿಗೆ ಕೊಟ್ಟರು. ಎರಡು ಕುಕ್ಕರಿನಲ್ಲಿ ಒಂದನ್ನು ನನ್ನ ಹೆಂಡತಿಗೆ ಕೊಟ್ಟರು. ತುಳಸಿ ಕುಂಡ ಗುಡಿಗೆ ಹೋಯಿತು. ನೀರಿನಲ್ಲಿ ತೇಲಿಸುವ ಕಿತ್ತಳೆ ಬಣ್ಣದ ಜಾಕೆಟ್ಟು ಒಂದೇ ಒಂದಿತ್ತು. ಡ್ಯಾಮಿನವರ ಹತ್ತಿರ ಅನುಮತಿ ಕೇಳಲು ತಾವೇ ಹೋಗಿಬಂದರು, ಒಬ್ಬರಿಗೇ. ಗಂಡ ಹೋಗಿ ವರ್ಷ ತುಂಬಿದೆ, ಮಕ್ಕಳಿಲ್ಲ, ಇದ್ದದ್ದನ್ನೆಲ್ಲ ಹಂಚುತ್ತಿದ್ದಾರೆ, ನಡುನೀರಿಗೆ ಒಬ್ಬರೇ ಹೋಗಬೇಕಂತೆ. ನನ್ನಂಥವನು ಇದನ್ನು ಕೂಡಿಸಿದರೆ ಏನು ಬರುತ್ತದೆ? ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಹಾಯಿಗೆ ಅಷ್ಟು ಗಟ್ಟಿ ಹೊಲಿಗೆ ಯಾಕೆ ಹಾಕಿದೆ ಅನ್ನಿಸುತ್ತಿತ್ತು. ಮರುಕ್ಷಣ, ಇನ್ನೊಂದು ಸಾಲು ಹಾಕಬೇಕಿತ್ತು ಅನ್ನಿಸುತ್ತಿತ್ತು.

ನೇರ ಕೇಳುವ ಧೈರ್ಯ ಇಲ್ಲದೆ, "ನಾನೂ ದೋಣ್ಯಾಗ ಕೂಡ್ತೀನ್ರೀ ಅಕ್ಕಾ," ಅಂದೆ.

"ನಿನಗ ಈಜು ಬರತೈತೇನು?"

"ಇಲ್ರೀ."

"ಹಂಗಾದ್ರ ನೀನು ಬಿದ್ದಾಗ ನಿನ್ನ ಎತ್ತಾಕ ಮತ್ತೊಬ್ಬ ಬೇಕು. ಅವನಿಗೆ ಜಾಗ ಇಲ್ಲ."

ನಕ್ಕರು. ಆಮೇಲೆ ಕೈಯಲ್ಲಿದ್ದ ಬ್ರಷ್ಷನ್ನು ಡಬ್ಬಿಯಲ್ಲಿಟ್ಟು ಹೇಳಿದರು. ಆ ದೋಣಿಯಲ್ಲಿ ಅವರು ಗಂಡನ ಜೊತೆ ಎಷ್ಟೋ ಭಾನುವಾರ ಹೋಗಿದ್ದರಂತೆ. "ಬುತ್ತಿ ಕಟ್ಟಾಕಿ ನಾನು, ನೀರು ತೋಡಾಕಿ ನಾನು, ಹಗ್ಗ ಜಗ್ಗಾಕಿ ನಾನು. ಚುಕ್ಕಾಣಿ ಮಾತ್ರ ಅವರ ಕೈಯಾಗ. ನನಗ ಒಂದು ಸಲ ಕೊಡ್ರಿ ಅಂದ್ರ, ಮುಂದಿನ ವಾರ ಅನ್ನೋರು. ಬೈದು ಅಲ್ಲಪ್ಪಾ, ನಕ್ಕೋಂತ ಅನ್ನೋರು. ಹಂಗ ಹೋದ್ರು." ಒಬ್ಬರೇ ಕೂತು, ತಮ್ಮ ಕೈಯಿಂದ ಅದನ್ನು ಒಂದು ಸಲ ನಡೆಸಬೇಕು, ಅಷ್ಟೆ. ಮೊಣಕಾಲು, ಕಣ್ಣು ಇನ್ನೆಷ್ಟು ದಿನ ಮಾತು ಕೇಳುತ್ತವೋ ಗೊತ್ತಿಲ್ಲ.

ನಂಬಿದೆ. ಮನೆಗೆ ಹೋಗುವವರೆಗೆ ನಂಬಿದ್ದೆ. ಚಪ್ಪಲಿ ಬಿಡುವಾಗ ಮತ್ತೆ ಅನುಮಾನ ಬಂತು.

ಮಳೆ ಮುಗಿದು ಗಾಜುಲದಿನ್ನೆ ಡ್ಯಾಮು ತುಂಬಿದ್ದ ದಿನಗಳು. ಬೆಳಿಗ್ಗೆ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹೊರಟೆವು. ದಾರಿಯಲ್ಲಿ ಕೊಂಡಿ ನೋಡಲು ಎಷ್ಟು ಸಲ ಗಾಡಿ ನಿಲ್ಲಿಸಿದೆನೋ, ಅಕ್ಕ ಕೊನೆಗೆ ಕಣ್ಣು ಮುಚ್ಚಿ ನಿದ್ದೆ ಮಾಡಿಬಿಟ್ಟರು. ದಂಡೆಯಲ್ಲಿ ಮೀನು ಹಿಡಿಯುವವರು ತಮ್ಮ ಪುಟ್ಟಿಗಳನ್ನು, ಬುಟ್ಟಿಯಂಥ ದುಂಡು ದೋಣಿಗಳನ್ನು, ಬೋರಲು ಹಾಕಿ ಕೂತಿದ್ದರು. ಅವರಲ್ಲಿ ಒಬ್ಬನನ್ನು ಬೇರೆ ಕರೆದು, ಅಮ್ಮನ ಮೇಲೆ ಕಣ್ಣಿಡು, ಏನಾದರೂ ಆದರೆ ತಕ್ಷಣ ಹೋಗು ಅಂತ ಒಪ್ಪಿಸಿದೆ.

ದೋಣಿ ನೀರಿಗಿಳಿಯಿತು. ಸಂದಿನಲ್ಲಿ ಒಂದು ಹನಿ ಒಸರಲಿಲ್ಲ. ಅಕ್ಕ ಸೀರೆ ಎತ್ತಿ ಕಟ್ಟಿ, ಜಾಕೆಟ್ಟು ತೊಟ್ಟು, ಚಪ್ಪಲಿ, ಫೋನು, ಮನೆಯ ಬೀಗದಕೈ ಮೂರನ್ನೂ ನನ್ನ ಕೈಗೆ ಕೊಟ್ಟರು. ಬೀಗದಕೈ ಕೊಟ್ಟಾಗ ಕೇಳಿಯೇಬಿಟ್ಟೆ.

"ಅಕ್ಕಾ, ವಾಪಸ್ ಬರ್ತೀರಲ್ರೀ?"

ಅವರು ನನ್ನ ಮುಖ ನೋಡಿದರು. ನಾನು ಇಷ್ಟು ದಿನ ಏನು ಕೂಡಿಸಿ ಕಳೆದಿದ್ದೆನೋ ಎಲ್ಲ ಅವರಿಗೆ ಗೊತ್ತಾಗಿಹೋಯಿತು ಅನ್ನಿಸಿತು.

"ಗಾಡ್ಯಾಗ ಬುತ್ತಿ ಐತಿ. ಇಬ್ಬರಿಗೆ ಕಟ್ಟೀನಿ. ನಾನು ಬರೋದರಾಗ ನೀನೊಬ್ಬನ ಉಂಡಿ ಅಂದ್ರ ನೋಡು."

ಹುಟ್ಟಿನಿಂದ ನೆಲಕ್ಕೆ ಒತ್ತಿ, ಪಕ್ಕದಲ್ಲಿ ನೀರಿಗೆ ಚಾಚಿದ್ದ ಕಲ್ಲುಗುಡ್ಡದ ಹತ್ತಿರದವರೆಗೂ ದೋಣಿಯನ್ನು ದೂಡಿಕೊಂಡು ಹೋದರು. ಹಾಯಿ ಮೇಲೇರಿತು, ಸಡಿಲವಾಗಿ ಅತ್ತಿತ್ತ ಬಡಿಯಿತು. ಗಾಳಿ ಇನ್ನೂ ಸಿಕ್ಕಿರಲಿಲ್ಲ. ಹಿಂದೆ ತಿರುಗಿ ನೋಡಿದರೆ ನನ್ನ ಪುಟ್ಟಿಯವನು ಬೀಡಿ ಹಚ್ಚುತ್ತಿದ್ದಾನೆ, ಪುಟ್ಟಿ ಇನ್ನೂ ಬೋರಲೇ ಬಿದ್ದಿದೆ.

"ಏ, ಪುಟ್ಟಿ ನೀರಿಗೆ ಹಾಕಪ್ಪಾ. ಬೀಡಿ ಆಮ್ಯಾಲ ಸೇದುವಂತಿ."

"ಆಗಣ್ಣಾ, ತಡಿ. ಏನಾತು ಈಗ?"

"ಏನರ ಆದಮ್ಯಾಲ ಹಾಕ್ತೀಯೇನು?"

"ಅಣ್ಣಾ, ಆಯಮ್ಮನ್ನ ನೋಡಿದ್ರ ನನಗ ಏನೂ ಭಯ ಇಲ್ಲ. ನಿನ್ನ ನೋಡಿದ್ರ ಆಗ್ತೈತಿ. ನೀನು ದಂಡಿ ಬಿಟ್ಟು ಸ್ವಲ್ಪ ಈ ಕಡಿ ಬಾ."

ನಾನು ದನಿ ಏರಿಸಿದೆ. ಅವನೂ ಏರಿಸಿದ. ನನ್ನ ಬೆನ್ನ ಹಿಂದೆ, ಒದ್ದೆ ಚಾದರವನ್ನು ಒಮ್ಮೆ ಕೊಡವಿದಂಥ ಸದ್ದಾಯಿತು. ಪುಟ್ಟಿಯವನ ಬೀಡಿ ತುಟಿಯಲ್ಲೇ ನಿಂತಿತು. ಅವನು ಗದ್ದ ಎತ್ತಿ, "ಅದೋ ಚೂಡು, ನೋಡಲ್ಲಿ," ಅಂದ. ನಾನು ತಿರುಗುವಷ್ಟರಲ್ಲಿ ದೋಣಿ ಕಲ್ಲುಗುಡ್ಡದ ಮರೆಗೆ ಹೋಗಿಬಿಟ್ಟಿತ್ತು. ನೀರಿನ ಮೇಲೆ ಅದು ಹೋದ ಗೆರೆಯಷ್ಟೇ ಉಳಿದಿತ್ತು.

ಆಮೇಲಿನ ಹೊತ್ತನ್ನು ಬರೆಯಲಾರೆ. ಚಪ್ಪಲಿ, ಫೋನು, ಬೀಗದಕೈ ಹಿಡಿದು ದಂಡೆಯುದ್ದಕ್ಕೂ ಓಡಾಡಿದೆ. ಪುಟ್ಟಿಯವನು ಕೊನೆಗೆ ನನ್ನ ಮೇಲೆ ಕರುಣೆಯಿಂದ ಪುಟ್ಟಿಯನ್ನು ನೀರಿಗೆ ಹಾಕಿದ. ಗಾಳಿ ಪೂರಾ ನಿಂತಿತು. ಅದು ನಿಂತದ್ದಕ್ಕೂ ನಾನು ಒಂದು ಕೆಟ್ಟ ಅರ್ಥ ಹಚ್ಚಿದೆ. ಮತ್ತೆ... ಗುಡ್ಡದ ಆಚೆ ಹುಟ್ಟು ಹಾಕುವ ಸದ್ದು. ಅಕ್ಕ ಹಾಯಿ ಇಳಿಸಿ ಮಡಚಿಟ್ಟು, ನಿಧಾನಕ್ಕೆ ಹುಟ್ಟು ಹಾಕುತ್ತಾ ಬರುತ್ತಿದ್ದರು. ಅವರ ಮುಖ ಬಿಸಿಲಿಗೆ ಕೆಂಪಾಗಿ, ಹುಡುಗಿಯ ಮುಖದ ಹಾಗಿತ್ತು.

"ಹೊಟ್ಟಿ ನೋಡಿದ್ಯೇನು, ತಮ್ಮಾ? ದಿನ ತುಂಬಿದ ಬಸುರಿ ಹಂಗ ಬಂತು. ನನ್ನ ಕೈಯಾಗಿನ ಚುಕ್ಕಾಣಿ ಒದ್ದಾಡಿಬಿಡ್ತು."

"ಇಲ್ರೀ ಅಕ್ಕಾ. ನಾನು ಈ ಮಾರಾಯನ ಕೂಡ ಜಗಳಕ್ಕ ನಿಂತಿದ್ದೆ."

ಅವರು ದಂಡೆಯ ಮೇಲೆ ಕೂತುಬಿಟ್ಟು ನಕ್ಕರು. ಪುಟ್ಟಿಯವನೂ ನಕ್ಕ. "ಇರಲಿ ಬಿಡೋ," ಅಂದರು ಅಕ್ಕ, ಕಣ್ಣೊರೆಸಿಕೊಂಡು. "ಬರೋ ಮಳಿಗಾಲಕ್ಕ ನೋಡುವಂತಿ." ಬುತ್ತಿಯನ್ನು ಮೂವರೂ ಹಂಚಿಕೊಂಡು ಉಂಡೆವು. ಹಂಚಿದ ಸಾಮಾನಿನ ಬಗ್ಗೆ ಕೊನೆಗೂ ಕೇಳಿದೆ. "ಒಬ್ಬಾಕಿಗೆ ಎರಡು ಕುಕ್ಕರ್ ಯಾಕೋ?" ಅಂದರು.

ಆ ಬೇಸಿಗೆ ಡ್ಯಾಮಿನ ನೀರು ತಳ ಕಂಡಿತು. ಮಳೆಗೆ ಮೊದಲೇ ಅಕ್ಕ ಹೋದರು, ಮನೆಯ ಮಂಚದ ಮೇಲೆ, ನಿದ್ದೆಯಲ್ಲಿ. ನಾನು ಪಟ್ಟ ಅಷ್ಟೂ ಅನುಮಾನಗಳಲ್ಲಿ ಅದು ಇರಲಿಲ್ಲ. ಸಮುದ್ರದ ಕಡೆಯ ಸಂಬಂಧಿಕರು ಬಂದು ಟ್ರೇಲರಿನ ಸಮೇತ ದೋಣಿಯನ್ನು ಒಯ್ದರು. ಹಾಯಿಯೂ ಅದರ ಜೊತೆಗೇ ಹೋಯಿತು. ಆ ಮನೆಯಲ್ಲಿ ಈಗ ಬೇರೆಯವರಿದ್ದಾರೆ, ಒಳ್ಳೆಯವರು. ನನಗೆ ಅವರ ಮೇಲೆ ಸಣ್ಣದೊಂದು ಅನುಮಾನ ಇದ್ದೇ ಇದೆ.

ನಾನು ಈಗಲೂ ಸಪಾಟಾಗಿಯೇ ಹೊಲಿಯುತ್ತೇನೆ, ಗಿರಾಕಿಗಳು ಮೆಚ್ಚುತ್ತಾರೆ. ಅವತ್ತು ಚಕ್ರ ಕಳಚಲಿಲ್ಲ, ಹಗ್ಗ ಹರಿಯಲಿಲ್ಲ, ಒಂದು ಹೊಲಿಗೆ ಬಿಡಲಿಲ್ಲ, ಹೋದವರು ವಾಪಸ್ ಬಂದರು. ಕೆಟ್ಟದ್ದು ಇಷ್ಟೇ: ಜೀವಮಾನದಲ್ಲಿ ನಾನು ಹೊಟ್ಟೆ ಬಿಟ್ಟು ಹೊಲಿದ ಒಂದೇ ಒಂದು ಬಟ್ಟೆ ಗಾಳಿ ತುಂಬಿಕೊಂಡ ಹೊತ್ತಿಗೆ, ನಾನು ಅದಕ್ಕೆ ಬೆನ್ನು ಮಾಡಿ ನಿಂತಿದ್ದೆ.