ಓಟಕ್ಕೆ ಮೊದಲೇ ಅಚ್ಚಾದ ವರದಿ

ಶಿರಾ ಗೇಟಿನ ಗುರುಪ್ರಕಾಶ್ ಬುದ್ಧಿ ಬಂದ ಮೇಲೆ ಒಮ್ಮೆಯೂ ಓಡಿದವರಲ್ಲ. ಮೂರು ಮನೆ ಆಚೆಗಿನ ಹಾಲಿನ ಬೂತಿಗೂ ಸ್ಕೂಟರ್ ತೆಗೆಯುತ್ತಾರೆ. ಆದರೂ ಬೆಟ್ಟಗುಡ್ಡ ಹತ್ತಿಳಿದು ದಿನವಿಡೀ ಓಡುವ ಜನರಿಗಾಗಿ ‘ಕಾಲ್ಹಾದಿ’ ಎಂಬ ಮಾಸಪತ್ರಿಕೆ ನಡೆಸುತ್ತಾರೆ. ಸಂಪಾದಕರು, ಪ್ರಕಾಶಕರು, ಮುದ್ರಕರು ಎಲ್ಲ ಅವರೇ. ಇದರಲ್ಲಿ ಹುಬ್ಬೇರಿಸುವಂಥದ್ದೇನೂ ಇಲ್ಲ. ಒಲೆ ಹಚ್ಚಲು ಬಾರದವರು ಅಡುಗೆ ಪುಸ್ತಕ ಬರೆದು ಸುಖವಾಗಿರುವ ಕಾಲ ಇದು.

ಮೂಲದಲ್ಲಿ ಅವರದು ಲಗ್ನಪತ್ರಿಕೆಯ ಪ್ರೆಸ್ಸು. ಜನ ಮೊಬೈಲಿನಲ್ಲೇ ಮದುವೆಗೆ ಕರೆಯತೊಡಗಿದ ಮೇಲೆ ಮೆಷಿನ್ನು ತೂಕಡಿಸಲು ಶುರುವಾಯಿತು. ಅದೇ ಹೊತ್ತಿಗೆ ಊರಿಗೆ ಓಟದ ಹುಚ್ಚು ಹಿಡಿಯಿತು. ಲೆಕ್ಚರರುಗಳು, ವಿಮಾ ಏಜೆಂಟರು, ಕೊಬ್ಬರಿ ವ್ಯಾಪಾರಿಗಳು ಬೆಳಗಿನ ಜಾವ ಬಣ್ಣಬಣ್ಣದ ಶೂ ಹಾಕಿಕೊಂಡು ಕ್ಯಾತ್ಸಂದ್ರದವರೆಗೆ ಓಡಿ, ತಟ್ಟೆ ಇಡ್ಲಿ ತಿಂದು, ಆಟೋದಲ್ಲಿ ವಾಪಸಾಗುತ್ತಿದ್ದರು. ಇವರಿಗೆ ಓಟಕ್ಕಿಂತ ಓಡಿದ ಫೋಟೊ ಮುಖ್ಯ ಎಂಬುದನ್ನು ಗುರುಪ್ರಕಾಶ್ ಒಂದೇ ನೋಟಕ್ಕೆ ಕಂಡುಕೊಂಡರು. ಪತ್ರಿಕೆ ಹುಟ್ಟಿತು.

ಕಸುಬು ಬದಲಾದರೂ ಕೈ ಬದಲಾಗಲಿಲ್ಲ. ಓಟದ ಪ್ರಕಟಣೆಯ ಕೊನೆಗೆ ‘ತಮ್ಮ ಸುಖಾಗಮನ ಬಯಸುವ’ ಎಂಬ ಸಾಲು ತಪ್ಪುತ್ತಿರಲಿಲ್ಲ. ಯಾವ ರಾಶಿಯವರು ಯಾವ ದಿಕ್ಕಿಗೆ ಮುಖ ಮಾಡಿ ಓಡಬೇಕು ಎಂಬ ಅಂಕಣವೂ ಇತ್ತು. ಪಿ.ಟಿ. ಮೇಷ್ಟ್ರು ಹನುಮಂತರಾಜು ದೇವರಾಯನದುರ್ಗದ ಇಳಿಜಾರಿನಲ್ಲಿ ಜಾರಿಬಿದ್ದ ಚಿತ್ರದ ಕೆಳಗೆ ‘ಶ್ರೀಯುತರು ಕಾಲು ಉಳುಕಿಸಿಕೊಂಡ ಶುಭ ಸಂದರ್ಭ’ ಎಂದು ಅಚ್ಚಾಯಿತು. ಮೇಷ್ಟ್ರು ಬೇಜಾರು ಮಾಡಿಕೊಳ್ಳದೆ ಆ ಪುಟಕ್ಕೆ ಕಟ್ಟು ಹಾಕಿಸಿ ಗೋಡೆಗೆ ತಗುಲಿಸಿದರು.

ಎಲ್ಲಕ್ಕಿಂತ ಗಟ್ಟಿಯಾಗಿ ಉಳಿದುಕೊಂಡ ಅಭ್ಯಾಸ ಇನ್ನೊಂದಿತ್ತು. ಮದುವೆ ಮುಗಿದ ಮೇಲೆ ಲಗ್ನಪತ್ರಿಕೆ ಅಚ್ಚು ಹಾಕುವವರು ಯಾರೂ ಇಲ್ಲವಷ್ಟೆ. ಹಾಗೆಯೇ ಗುರುಪ್ರಕಾಶ್ ಓಟದ ವರದಿಯನ್ನೂ ಓಟಕ್ಕೆ ಮೊದಲೇ ಅಚ್ಚು ಹಾಕಿಬಿಡುತ್ತಿದ್ದರು. ಕಾರಣವೂ ಇತ್ತು. ವರ್ಷಕ್ಕೊಮ್ಮೆ ಕ್ಯಾತ್ಸಂದ್ರದಿಂದ ಹೆಬ್ಬೂರಿನ ಮೇಲೆ ಕುಣಿಗಲ್ ಕೆರೆ ಏರಿಯವರೆಗೆ, ತೋಟ, ಬದು, ಬಂಡಿಜಾಡುಗಳಲ್ಲಿ ಐವತ್ತು ಕಿಲೋಮೀಟರ್ ಓಟ ನಡೆಯುತ್ತದೆ. ಕೊನೆಗೆ ವೇದಿಕೆ ಕಾರ್ಯಕ್ರಮ. ವೇದಿಕೆ ಅಂದಮೇಲೆ ಏನಾದರೂ ಬಿಡುಗಡೆ ಆಗಲೇಬೇಕು. ಹಾಗಾಗಿ ಆ ದಿನದ ಓಟದ ವರದಿ ಇರುವ ವಿಶೇಷ ಸಂಚಿಕೆ ಅದೇ ದಿನ ಬಿಡುಗಡೆಯಾಗುತ್ತಿತ್ತು. ಹೆಂಗಸರಲ್ಲಿ ಸುಮನಾ, ಗಂಡಸರಲ್ಲಿ ಹನುಮಂತರಾಜು ಪ್ರತಿ ವರ್ಷವೂ ಗೆಲ್ಲುತ್ತಿದ್ದುದರಿಂದ ತೊಂದರೆ ಬಂದಿರಲಿಲ್ಲ. “ಏನ್ ಫಾಸ್ಟ್ ಸಾರ್ ನಿಮ್ ಪತ್ರಿಕೆ” ಎಂದು ಜನ ಕೈಕುಲುಕುತ್ತಿದ್ದರು. ಗುರುಪ್ರಕಾಶ್ ವಿನಯದಿಂದ ತಲೆ ತಗ್ಗಿಸುತ್ತಿದ್ದರು.

ಗುಟ್ಟು ಗೊತ್ತಿದ್ದದ್ದು ಮಗಳು ಭೂಮಿಕಾಗೆ ಮಾತ್ರ. ಬಿ.ಕಾಂ. ಮುಗಿಸಿ ಪ್ರೆಸ್ಸಿನ ಕಂಪ್ಯೂಟರಿಗೆ ಕೂತಿದ್ದ ಅವಳೇ ಎಲ್ಲ ಪುಟಗಳನ್ನೂ ಟೈಪ್ ಮಾಡುತ್ತಿದ್ದಳು. ಓಟದ ಬಗ್ಗೆ ಟೈಪ್ ಮಾಡಿ ಮಾಡಿ ಅವಳಿಗೂ ಓಡುವ ಆಸೆ ಹುಟ್ಟಿತ್ತು. ಈ ವರ್ಷ ಹೆಸರು ಕೊಟ್ಟಳು. ಅಪ್ಪ ಬೇಡ ಅನ್ನಲಿಲ್ಲ, ವರದಿಯಲ್ಲಿ ಸೇರಿಸಲೂ ಇಲ್ಲ.

“ಮನೆಯವರ ಹೆಸ್ರು ಹಾಕೊಂಡ್ರೆ ಚೆನ್ನಾಗಿರಲ್ಲ ಕಣಮ್ಮ” ಎಂದರು. ಹೆಬ್ಬೂರಿನವರೆಗೆ ಓಡಿ ಅಲ್ಲಿಂದ ಬಸ್ಸು ಹತ್ತುತ್ತಾಳೆ ಎಂಬುದು ಅವರ ನಿಜವಾದ ಅಂದಾಜು.

ಸುಮನಾ ಮೊದಲು ಬಂದಳು ಎಂದು ಭೂಮಿಕಾಳೇ ಟೈಪ್ ಮಾಡಿದಳು. ಮುಖಪುಟಕ್ಕೆ ಹೋದ ವರ್ಷ ಸುಮನಾ ಗೆದ್ದ ಫೋಟೊವನ್ನೇ ತೆಗೆದುಕೊಂಡು, ಅಂಗಿಯ ಬಣ್ಣ ಹಸಿರಿನಿಂದ ಕೇಸರಿಗೆ ತಿರುಗಿಸಿದಳು. ಸುಮನಾ ಬೇರೆ ಯಾರೂ ಅಲ್ಲ, ಓಟಗಾರರ ಸಂಘದ ಅಧ್ಯಕ್ಷ, ಗುಬ್ಬಿಯ ಕೊಬ್ಬರಿ ಮಂಡಿ ಶಿವಮೂರ್ತಿಯವರ ಮಗಳು. ಸಂಚಿಕೆ ಬಿಡುಗಡೆ ಮಾಡುವವರೂ ಅವರೇ. ಪತ್ರಿಕೆಯ ಚಂದಾದಾರರಲ್ಲಿ ಮುಕ್ಕಾಲು ಪಾಲು ಅವರ ಸಂಘದವರು. ಅವರು ಮುಖ ತಿರುಗಿಸಿದರೆ ‘ಕಾಲ್ಹಾದಿ’ ಅಲ್ಲಿಗೇ ನಿಂತಂತೆ.

ಓಟದ ದಿನ ಗುರುಪ್ರಕಾಶ್ ಕುಣಿಗಲ್ಲಿನಲ್ಲಿ ಶಾಮಿಯಾನದ ಕೆಳಗೆ ಹಾರಗಳಿಗೆ ನೀರು ಚಿಮುಕಿಸುತ್ತಿದ್ದಾಗ ಹೆಬ್ಬೂರಿನಲ್ಲಿ ಓಟಗಾರರಿಗೆ ನೀರು ಕೊಡುತ್ತಿದ್ದ ಹುಡುಗನಿಂದ ಫೋನು ಬಂತು.

“ಸಾರ್, ಸುಮನಾ ಮೇಡಮ್ ಹಿಂದೆ ಅವ್ರೆ. ಮುಂದ್ಗಡೆ ನಿಮ್ ಮಗಳು ಹೋಗ್ತಾ ಅವ್ರೆ.”

ಎದೆ ತುಂಬಿ ಬಂತು. ಯಾವ ತಂದೆಗೆ ತಾನೇ ಬರುವುದಿಲ್ಲ? ಮರುಕ್ಷಣವೇ ವೇದಿಕೆಯ ಹಿಂದೆ ಬಣ್ಣದ ಕಾಗದ ಸುತ್ತಿಟ್ಟ ಸಂಚಿಕೆಯ ಕಟ್ಟುಗಳು ಕಣ್ಣಿಗೆ ಬಿದ್ದವು, ತುಂಬಿದ್ದೆಲ್ಲ ಜರ್ರನೆ ಇಳಿದುಹೋಯಿತು. ಸ್ಕೂಟರ್ ಹತ್ತಿದವರು ಕೆರೆ ಏರಿಗೆ ಮೊದಲು ಸಿಗುವ ಕೊನೆಯ ನೀರಿನ ಟೇಬಲ್ಲಿನ ಹತ್ತಿರ ಹೋಗಿ ನಿಂತರು.

ಭೂಮಿಕಾ ಬಂದಳು. ಮೊಣಕಾಲಿನ ತನಕ ಕೆಂಪು ಧೂಳು, ತುಟಿ ಒಣಗಿತ್ತು. ಅಪ್ಪನನ್ನು ಕಂಡು ಮುಖ ಅರಳಿತು. ಗುರುಪ್ರಕಾಶ್ ಕೈಯಾರೆ ನೀರು ಕೊಟ್ಟರು, ಆಮೇಲೆ ದಾರಿಗೆ ಅಡ್ಡ ನಿಂತರು.

“ಸ್ವಲ್ಪ ಕೂತ್ಕೊಂಡು ಹೋಗಮ್ಮ. ಸುಮನಾ ಮುಂದೆ ಹೋಗ್ಲಿ.”

ಅವಳು ಲೋಟ ಇಳಿಸಿದಳು. “ಯಾಕಪ್ಪ?”

“ಯಾಕೆ ಅಂತ ನಿಂಗೇ ಗೊತ್ತಲ್ಲ. ಟೈಪ್ ಮಾಡಿದೋಳು ನೀನೇ ಅಲ್ವಾ. ಅಚ್ಚಾಗೋಗಿದೆ ಕಣಮ್ಮ.”

“ಅಚ್ಚಾಗಿರೋದು ಪುಸ್ತಕ. ನಾನಲ್ಲ.”

ಅಷ್ಟು ಹೇಳಿ ಪಕ್ಕಕ್ಕೆ ಸರಿದು ಏರಿ ಹತ್ತಿದಳು. ಗುರುಪ್ರಕಾಶ್ ಅವಳ ಹಿಂದೆ ನಾಲ್ಕು ಹೆಜ್ಜೆ ಓಡಿದರು, ಉಸಿರು ಕಟ್ಟಿ ನಿಂತರು. ಮಗಳು ಓಡುವುದನ್ನು ಅವರು ನೋಡಿದ್ದು ಅದೇ ಮೊದಲು. ಚೆನ್ನಾಗಿ ಓಡುತ್ತಿದ್ದಳು. ಅವರಿಗೆ ನಾಚಿಕೆಯಾಯಿತು.

ಭೂಮಿಕಾ ಮೊದಲು ಬಂದಳು. ಇದನ್ನು ಕಂಡವರು ಓಟ ಮುಗಿಯುವ ಗೆರೆಯ ಹತ್ತಿರ ನಿಂತಿದ್ದ ಇಬ್ಬರು ತೀರ್ಪುಗಾರರು ಮಾತ್ರ. ಉಳಿದವರೆಲ್ಲ ಗಣ್ಯರು ಕಾಣಲಿ ಎಂದು ವೇದಿಕೆಗೆ ಮುಖ ಮಾಡಿ, ಓಟಕ್ಕೆ ಬೆನ್ನು ಹಾಕಿ ಕುರ್ಚಿಗಳಲ್ಲಿ ಕೂತಿದ್ದರು. ಪ್ರಾರ್ಥನೆ, ಸ್ವಾಗತ, ಸ್ವಾಗತಿಸಿದವರಿಗೆ ಸ್ವಾಗತ ಎಲ್ಲ ಮುಗಿದು ಶಿವಮೂರ್ತಿಯವರು ಸಂಚಿಕೆಯ ಬಣ್ಣದ ಕಾಗದ ಬಿಚ್ಚಿದರು. ತೀರ್ಪುಗಾರರ ಚೀಟಿ ಅವರ ಮುಂದಿನ ಮೇಜಿನ ಮೇಲೆಯೇ ಇತ್ತು. ಆದರೆ ಬಣ್ಣದಲ್ಲಿ ಅಚ್ಚಾದದ್ದು ಕೈಯಲ್ಲಿರುವಾಗ ಪೆನ್ನಿನಲ್ಲಿ ಗೀಚಿದ್ದನ್ನು ಯಾರು ನೋಡುತ್ತಾರೆ? ಕನ್ನಡಕ ಏರಿಸಿ ಓದಿದರು.

“ಮಹಿಳೆಯರಲ್ಲಿ ಪ್ರಥಮ, ಕುಮಾರಿ ಸುಮನಾ ಶಿವಮೂರ್ತಿ.”

ಚಪ್ಪಾಳೆ ಬಿತ್ತು. ವೇದಿಕೆಯ ಪಕ್ಕ ಕಾಲು ಚಾಚಿ ಕೂತಿದ್ದ ಸುಮನಾ ಅಪ್ಪನ ಕಡೆ ನೋಡಿ ಬೇಡ ಬೇಡ ಎಂದು ಕೈಯಾಡಿಸಿದಳು. ಅದನ್ನೂ ಜನ ವಿನಯ ಎಂದುಕೊಂಡು ಇನ್ನಷ್ಟು ತಟ್ಟಿದರು.

ಮೈಕು ಈಗ ಗುರುಪ್ರಕಾಶರ ಕೈಗೆ ಬಂದಿತ್ತು. ‘ಅಭಿನಂದನೆಗಳು’ ಎಂದರೆ ಸಾಕಿತ್ತು, ಎಲ್ಲರೂ ಊಟಕ್ಕೆ ಏಳುತ್ತಿದ್ದರು. ಭೂಮಿಕಾ ನೆಲದ ಮೇಲೆ ಕೂತು ಶೂ ಬಿಚ್ಚುತ್ತಿದ್ದಳು. ತಲೆ ಎತ್ತಲಿಲ್ಲ. ಎತ್ತಿದ್ದರೆ ಅವರಿಗೆ ಸುಲಭವಾಗುತ್ತಿತ್ತೇನೋ.

“ತಪ್ಪಾಗಿದೆ” ಎಂದರು ಗುರುಪ್ರಕಾಶ್. “ಮೊದ್ಲು ಬಂದಿದ್ದು ಭೂಮಿಕಾ. ನನ್ ಮಗಳು. ವರದಿ ನಾನು ಓಟಕ್ಕೆ ಮುಂಚೇನೇ ಬರ್ದಿದ್ದೆ.”

ಜೀವನದಲ್ಲಿ ಮೊದಲ ಸಲ ಅವರು ಆಗಿಹೋದದ್ದನ್ನು ಹೇಳಿದ್ದರು, ಯಾರೂ ನಂಬಲಿಲ್ಲ. ಅಚ್ಚಿನಲ್ಲಿ ಒಂದು ಹೆಸರು, ಬಾಯಲ್ಲಿ ಸ್ವಂತ ಮಗಳ ಹೆಸರು. “ಮಗಳಿಗೋಸ್ಕರ ತನ್ನ ಪತ್ರಿಕೇನೇ ಸುಳ್ಳು ಅಂದ್ಬುಟ್ನಲ್ಲ” ಎಂದು ಹಿಂದಿನ ಸಾಲಿನಲ್ಲಿ ಒಬ್ಬರು ಕೊರಗಿದರು. ತೀರ್ಪುಗಾರರ ಚೀಟಿ ಓದಿ ತೋರಿಸಿ, ಸುಮನಾಳೇ ಎದ್ದು ಬಂದು ಪದಕವನ್ನು ಭೂಮಿಕಾಳ ಕೊರಳಿಗೆ ಹಾಕಿದರೂ ಗೊಣಗಾಟ ನಿಲ್ಲಲಿಲ್ಲ. ಗಂಡಸರಲ್ಲಿ ಗೆದ್ದಿದ್ದ ಹನುಮಂತರಾಜು ಮೇಷ್ಟ್ರಿಗೆ ಹೊಸ ಸಂಕಟ ಹುಟ್ಟಿತು. ಹಾಗಾದರೆ ತಾನು ಗೆದ್ದದ್ದಾದರೂ ನಿಜವೋ ಎಂದು ಸಿಕ್ಕಸಿಕ್ಕವರನ್ನು ಕೇಳುತ್ತ ತಿರುಗಿದರು. ಶಿವಮೂರ್ತಿಯವರು ಊಟ ಮಾಡದೆ ಕಾರು ಹತ್ತಿದರು. ವಾರ ಕಳೆಯುವುದರೊಳಗೆ ಸಂಘದವರ ಚಂದಾ ನಿಂತಿತು.

ಮುಂದಿನ ಸಂಚಿಕೆ ತೆಳ್ಳಗೆ ಬರಬಹುದು, ಆದರೆ ಬರಲೇಬೇಕು ಎಂದು ಗುರುಪ್ರಕಾಶ್ ಹಟ ಹಿಡಿದರು. ಸರಿಯಾದ ವರದಿ ಬರೆಯಲು ಕೂತಾಗ ಕೈ ಓಡಲಿಲ್ಲ. ಓಡಿದವರಿಗೆ ದಾರಿಯಲ್ಲಿ ಏನಾಯಿತು ಎಂದು ಇಷ್ಟು ವರ್ಷದಲ್ಲಿ ಒಬ್ಬರನ್ನೂ ಕೇಳಿರಲಿಲ್ಲ. ಕೊನೆಗೆ ಮಗಳನ್ನು ಕರೆದರು.

“ನೀನು ಹೇಳಮ್ಮ, ಹೇಗೆ ಓಡ್ದೆ ಅಂತ. ನಾನು ಟೈಪ್ ಮಾಡ್ಕೋತೀನಿ.”

ಭೂಮಿಕಾ ಎದುರಿನ ಕುರ್ಚಿಯಲ್ಲಿ ಕೂತಳು. “ಸರಿ. ಮೊದಲ್ನೇ ಸಾಲು ಬರ್ಕೊಳಿ. ಕೊನೆಯ ನೀರಿನ ಹತ್ತಿರ ನನ್ನಪ್ಪ ದಾರಿಗೆ ಅಡ್ಡ ನಿಂತರು.”

ಗುರುಪ್ರಕಾಶರ ಬೆರಳು ಕೀಲಿಮಣೆಯ ಮೇಲೆ ನಿಂತಿತು. “ಅದನ್ನೂ ಹಾಕ್ಬೇಕಾ?”

“ಆಯ್ತಲ್ಲಪ್ಪ ಅದು” ಎಂದಳು ಮಗಳು.

ಅವರು ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಾ ಹೋದರು.