ದಿನಕ್ಕೊಂದೇ ಗುಂಡು

ಮೌಶಿಯ ಬಲಗೆನ್ನೆಯಲ್ಲಿ, ಕಣ್ಣಿನಿಂದ ಒಂದು ಬೆರಳು ಕೆಳಗೆ, ಎಳ್ಳು ಚೆಲ್ಲಿದ ಹಾಗೆ ಏಳು ಕಪ್ಪು ಚುಕ್ಕೆಗಳಿದ್ದವು. ಹೊಸಬರು ಹಚ್ಚೆ ಎಂದುಕೊಳ್ಳುತ್ತಿದ್ದರು. ಅವು ಬಂದೂಕಿನ ಮದ್ದು ಸಿಡಿದು ಚರ್ಮದೊಳಗೆ ಉಳಿದ ಗುರುತುಗಳು. ಏಳೂ ಒಂದೇ ಚಳಿಗಾಲದಲ್ಲಿ, ನನ್ನ ಕಣ್ಣೆದುರಿಗೆ ಮೂಡಿದವು.

ನಾನಾಗ ಎಕಂಬಾದ ಪಶು ಆಸ್ಪತ್ರೆಯಲ್ಲಿ ಕಂಪೌಂಡರ್. ಮೌಶಿಯ ಮನೆಯ ಮುಂದಿನ ಖೋಲಿಯಲ್ಲಿ ಬಾಡಿಗೆಗಿದ್ದೆ. ಊರೆಲ್ಲ ಅವರನ್ನು ಮೌಶಿ, ಎಂದರೆ ಚಿಕ್ಕಮ್ಮ, ಎನ್ನುತ್ತಿತ್ತು, ನಾನೂ ಹಾಗೇ ಅಂದೆ. ಅವರು ನನ್ನನ್ನು ಡಾಕ್ಟರ್ ಸಾಬ್ ಎನ್ನುತ್ತಿದ್ದರು. ನಾನು ಡಾಕ್ಟರ್ ಅಲ್ಲ ಎಂದರೆ, "ಕಂಪೌಂಡರ್ ಅಂದ್ರ ಎತ್ತು ಅಂಜಂಗಿಲ್ಲರಿ" ಎಂದು ಮಾತು ಮುಗಿಸುತ್ತಿದ್ದರು. ಮಕ್ಕಳಿರಲಿಲ್ಲ. ಗಂಡ ತೀರಿ ಒಂದು ವರ್ಷವಾಗಿತ್ತು. ಅವರು ಬಿಟ್ಟುಹೋಗಿದ್ದು ಆರು ಎಕರೆ ಹೊಲ ಮತ್ತು ಬೆಳೆ ಕಾಯಲು ಲೈಸೆನ್ಸ್ ಇದ್ದ ಒಂದು ಹಳೆಯ ಬಂದೂಕು. ನಳಿಗೆಯ ಬಾಯಿಂದ ಮದ್ದು ಸುರಿದು, ಬಟ್ಟೆ ಸುತ್ತಿದ ಸೀಸದ ಗುಂಡನ್ನು ಸಲಾಕೆಯಿಂದ ಒಳಕ್ಕೆ ನೂಕಿ ಹೊಡೆಯುವಂಥದ್ದು. ಲೈಸೆನ್ಸನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಮೌಶಿ ನಾಲ್ಕು ಸಲ ಬೀದರಿಗೆ ಹೋಗಿಬಂದಿದ್ದರು.

ಸೋಯಾ ಕಾಯಿ ಕಟ್ಟುವ ದಿನಗಳಲ್ಲಿ ಕಾಡುಹಂದಿಗಳು ಬಂದವು. ಹೊಡೆಯಲು ಅರಣ್ಯ ಇಲಾಖೆಯ ಅನುಮತಿ ಪತ್ರ ಮೌಶಿಯ ಬಳಿ ಇತ್ತು. ಗಂಡ ಮಾಡುತ್ತಿದ್ದ ಹಾಗೆಯೇ ಗುಂಡನ್ನು ಅಂಗೈಯಲ್ಲಿಟ್ಟು, ಅದು ಮುಚ್ಚುವಷ್ಟು ಮದ್ದು ಸುರಿದುಕೊಂಡು, ಅಷ್ಟನ್ನೇ ನಳಿಗೆಗೆ ಹಾಕಿ ಹೊಡೆದರು. ಹಂದಿ ಬೀಳಲಿಲ್ಲ, ಓಡಿತು.

ಮರುದಿನ ಬೆಳಿಗ್ಗೆ ಅದು ನಾಲೆಯ ಪಕ್ಕದ ಜಾಲಿಯೊಳಗೆ ಸಿಕ್ಕಿತು. ಕೆಳದವಡೆ ಇರಲಿಲ್ಲ. ಮುಂಗಾಲು ಮಡಚಿ ಕೂತಿತ್ತು.

"ಇನ್ನ ಎಷ್ಟೊತ್ತು ಇರ್ತದರಿ ಇದು?" ಎಂದು ಮೌಶಿ ಕೇಳಿದರು.

"ಪುಪ್ಪುಸಕ್ಕ ತಾಗಿಲ್ಲ. ಎರಡು ದಿನಾ ಇರಬಹುದು."

"ಇಲ್ಲೇ ಕೂಡ್ರಿ. ಒಂದಕ್ಕೇ ಬಿಟ್ಟು ಹೋಗಬ್ಯಾಡ್ರಿ" ಎಂದು ಬಂದೂಕಿನ ಮದ್ದು ತರಲು ಮನೆಗೆ ನಡೆದರು.

ನಲವತ್ತು ನಿಮಿಷ, ಗಡಿಯಾರ ನೋಡುತ್ತಲೇ ಇದ್ದೆ. ಅಷ್ಟರಲ್ಲಿ ಅದು ಮೂರು ಸಲ ನೀರಿನ ಗುಂಡಿಯ ತನಕ ತೆವಳಿ ಬಂದಿತು. ಮೂರು ಸಲವೂ ಕುಡಿಯಲಾಗಲಿಲ್ಲ. ನನ್ನ ಕೆಲಸದಲ್ಲಿ ಸಾಯುವ ದನಗಳನ್ನು ಎಷ್ಟೋ ನೋಡಿದ್ದೇನೆ. ಆದರೆ ಅವು ಸಾಯುವವರೆಗೆ ಕೂತು ನೋಡಿರಲಿಲ್ಲ. ಚೀಟಿ ಬರೆದುಕೊಟ್ಟು ಎದ್ದುಬರುತ್ತಿದ್ದೆ. ಮೌಶಿ ಬಂದು, ಹತ್ತಿರ ನಿಂತು ಮುಗಿಸಿದರು. ಅಂದು ಅವರ ಒಲೆ ಹೊತ್ತಲಿಲ್ಲ.

ಸಂಜೆ ಮೈದುನ ಬಂದ. ಪಕ್ಕದ ಹೊಲ ಅವನದು.

"ವೈನಿ, ಬಂದೂಕ ನನ್ನ ಕಡಿ ಕೊಡ್ರಿ. ಒಂದ ಗುಂಡಿನ ಬದಲಿ ಸಣ್ಣ ಛರ್ರಾ ತುಂಬಿ ಹಿಂಡಿನ ಮ್ಯಾಲ ಒಗದ್ರ ಮುಗೀತು. ಯಾವುದಕ ತಾಗ್ತದೋ ತಾಗ್ತದ."

"ತಾಗಿದ್ದು ಎಲ್ಲಿ ಹೋಗಿ ಸಾಯ್ತದ?"

"ಅದರ ಚಿಂತಿ ನಮಗ್ಯಾಕರಿ?"

"ನನಗದ."

"ನಿಮಗ ಚಿಂತಿ ಅದ, ಗುರಿ ಇಲ್ಲ."

ಮೌಶಿ ಸಿಟ್ಟಾಗಲಿಲ್ಲ. "ಜ್ವಾಳ ಸೀತನಿಗಿ ಬರೋತನಕ ತಡಿ. ಒಂದ ಗುಂಡಿಗಿ ನಿಂತಲ್ಲೇ ಬೀಳಲಿಲ್ಲಂದ್ರ ಬಂದೂಕ ನಿಂದು" ಎಂದರು. ಸೀತನಿ ಎಂದರೆ ಹಸಿ ತೆನೆ ಸುಟ್ಟು ತಿನ್ನುವ ಕಾಲ. ಕಾಳಿನಲ್ಲಿ ಹಾಲು ತುಂಬಿದಾಗಲೇ ಹಂದಿಗಳೂ ಬರುತ್ತವೆ. ನಾಲ್ಕು ತಿಂಗಳು ಉಳಿದಿತ್ತು.

ಊರಾಚೆ ಕೆಂಪು ಕಲ್ಲು ಕಡಿದು ಬಿಟ್ಟ ಗಣಿ ಇದೆ. ಮೂರು ಕಡೆ ಆಳೆತ್ತರದ ಗೋಡೆ. ಅಲ್ಲಿ ಹಳೆಯ ಕ್ಯಾಲೆಂಡರಿನ ಹಾಳೆ ತಿರುಗಿಸಿ ನಿಲ್ಲಿಸಿ, ಕುಂಕುಮದ ಬೊಟ್ಟಿಟ್ಟು, ಮೂವತ್ತು ಹೆಜ್ಜೆ ಅಳೆದು ಹೊಡೆಯತೊಡಗಿದರು. ತೂತುಗಳನ್ನು ನೋಡಿ ಹೇಳುವುದು ನನ್ನ ಕೆಲಸ. ಮೊದಲ ವಾರದ ತೂತುಗಳಲ್ಲಿ ಎರಡು ಒಂದು ಕಡೆ ಇರಲಿಲ್ಲ.

"ಕಾಕಾ ಅವರ ಕೈ ನಿಮ್ಮ ಕೈಯಷ್ಟೇ ಇತ್ತೇನ್ರಿ?" ಎಂದು ಅವರ ಗಂಡನ ಬಗ್ಗೆ ಕೇಳಿದೆ.

ಮೌಶಿ ತಮ್ಮ ಅಂಗೈಯನ್ನು ಬಹಳ ಹೊತ್ತು ನೋಡಿದರು. "ಅವರದು ಹಿಟ್ಟು ನಾದೋ ಪರಾತದಂಥ ಕೈರಿ" ಎಂದರು. ಪುಟ್ಟ ಕೈಯಲ್ಲಿ ಗುಂಡು ಸ್ವಲ್ಪ ಮದ್ದಿಗೇ ಮುಚ್ಚಿಹೋಗುತ್ತದೆ. ಗಂಡನ ಅಳತೆ ಗಂಡನ ಜೊತೆಗೇ ಹೋಗಿತ್ತು.

ಆಸ್ಪತ್ರೆಯಿಂದ ಸೂಜಿಯಿಲ್ಲದ ಸಿರಿಂಜ್ ಒಂದನ್ನು ತಂದು, ತುದಿ ಕತ್ತರಿಸಿ ಕೊಟ್ಟೆ. ಅಂದಿನಿಂದ ಮದ್ದನ್ನು ಅದರಲ್ಲೇ ಅಳೆದರು. ಒಂದು ಸಲಕ್ಕೆ ಒಂದೇ ಗೆರೆಯಷ್ಟು ಬದಲಾವಣೆ, ಅದೂ ಮೂರು ಗುಂಡು ಹೊಡೆದ ಮೇಲೆ. ಕಡಿಮೆಯಾದರೆ ಗುಂಡು ಬೊಟ್ಟಿನ ಕೆಳಗೆ ಬೀಳುತ್ತಿತ್ತು, ಹೆಚ್ಚಾದರೆ ಭುಜಕ್ಕೆ ಒದೆ ಬಿದ್ದು ಎತ್ತಲೋ ಹೋಗುತ್ತಿತ್ತು. ಕೆನ್ನೆಯ ಚುಕ್ಕೆಗಳು ಆಗ ಬಂದವು. ಗುಂಡಿಗೆ ಸುತ್ತಲು ಧೋತರ ಹರಿದರು, ತೆಳುವಾಯಿತು. ಗೋಣಿ ದಪ್ಪವಾಯಿತು. ಕೊನೆಗೆ ಗಂಡ ಮಲಗುತ್ತಿದ್ದ ಗಾದಿಯ ಹೊಲಿಗೆ ಬಿಚ್ಚಿ, ಹತ್ತಿ ಸುರಿದು, ಆ ಗಟ್ಟಿ ಪಟ್ಟೆ ಬಟ್ಟೆಯನ್ನು ರೂಪಾಯಿಯಷ್ಟಗಲ ಕತ್ತರಿಸಿ ಹರಳೆಣ್ಣೆ ಹಚ್ಚಿದರು. "ಎರಡ ಗಾದಿ ಯಾರಿಗಿ ಬೇಕರಿ" ಎಂದರು. ಸರಿಯಾಗಿ ಕೂತದ್ದು ಅದೇ.

ಆದರೂ ಮೊದಲ ಗುಂಡು ಬೊಟ್ಟಿಗೆ, ಎರಡನೆಯದು ಪಕ್ಕಕ್ಕೆ, ಮೂರನೆಯದು ಹಾಳೆಯ ಅಂಚಿಗೆ. ಪ್ರತಿ ಸಲವೂ ಹೀಗೇ. ನಳಿಗೆಯಲ್ಲಿ ಮಸಿ ಕಟ್ಟುತ್ತಿತ್ತು. ನನಗೆ ಬೇಸರ ಬಂದಿತ್ತು. ಮೌಶಿ ಹಾಳೆಗಳನ್ನೆಲ್ಲ ಅಂಗಳದಲ್ಲಿ ಹರಡಿ ನೋಡಿ, "ಮೊದಲನೇದು ಒಂದೂ ತಪ್ಪಿಲ್ಲ. ನನಗ ಬೇಕಾಗಿದ್ದೂ ಮೊದಲನೇದೇ ಅಲ್ಲೇನ್ರಿ?" ಎಂದರು.

ಅಂದಿನಿಂದ ದಿನಕ್ಕೊಂದೇ ಗುಂಡು. ಸಂಜೆ ಐದಕ್ಕೆ ಹೋಗುವುದು, ಹೊಡೆಯುವುದು, ಬಿಸಿನೀರಿನಿಂದ ನಳಿಗೆ ತೊಳೆದು, ಒರೆಸಿ, ಎಣ್ಣೆ ಸವರಿ ಇಡುವುದು. ಚಹಾ ಹೋಟೆಲಿನವರು ಆ ಸದ್ದು ಕೇಳಿ, "ಐದಾಯ್ತು, ಚಾ ಇಡ್ರಿ" ಎನ್ನತೊಡಗಿದರು. ಕಟ್ಟೆಯ ಮೇಲೆ ಕೂತವನೊಬ್ಬ, "ಮೌಶಿ, ಗಣಿಯಾಗ ಎಷ್ಟು ಹಂದಿ ಬಿದ್ದಾವ?" ಎಂದು ಕೆಣಕಿದ.

"ಒಂದೂ ಇಲ್ಲೋ. ನಾಳಿ ನೀ ಬಂದು ನಿಂದ್ರು" ಎಂದು ನಡೆದರು.

ನಕ್ಕವರೆಲ್ಲ ಆಮೇಲೆ ತಮ್ಮ ಮನೆಗೆ ಹೋಗುತ್ತಿದ್ದರು. ಮೌಶಿಯ ಜೊತೆ ಗಣಿಗೆ ಯಾರೂ ಬರಲಿಲ್ಲ. ನನಗೆ ಕೆಲಸವಿದ್ದ ದಿನ ಅವರೊಬ್ಬರೇ ಹೋಗಿ, ರಾತ್ರಿ ಊಟಕ್ಕೆ ಮೊದಲು ಹಾಳೆಯನ್ನು ನನ್ನ ಕಿಟಕಿಗೆ ಒತ್ತಿ ಹಿಡಿಯುತ್ತಿದ್ದರು. ಒಂದು ಹಾಳೆಯ ಮೇಲೆ ಒಂಬತ್ತು ದಿನ ಹೊಡೆದ ಒಂಬತ್ತು ತೂತುಗಳು ಒಂದು ಲಿಂಬೆಹಣ್ಣಿನಡಿ ಮುಚ್ಚಿಹೋದಾಗ, "ಇನ್ನ ಸಾಕರಿ" ಎಂದರು.

ಸೀತನಿ ಬಂತು. ಬೆಳಕು ಹರಿಯುವ ಮೊದಲು ಒಡ್ಡಿನ ಹಿಂದೆ ಕೂತೆವು: ಮೌಶಿ, ಮೈದುನ, ನಾನು. ಹಿಂಡು ಬಂದು ಜೋಳ ಮುರಿಯತೊಡಗಿತು. ದೊಡ್ಡ ಗಂಡು ಐವತ್ತು ಹೆಜ್ಜೆಯಾಚೆ ಅಡ್ಡವಾಗಿ ನಿಂತಿತ್ತು.

"ಹೊಡೀರಿ ವೈನಿ" ಎಂದು ಮೈದುನ ಪಿಸುಗುಟ್ಟಿದ.

"ದೂರ ಅದ."

"ಕಣ್ಣೆದುರಿಗಿ ಜ್ವಾಳದ ಪೀಕ ಹೋಗಲಿಕತ್ತದ."

"ಹೋಗಲಿ."

ಅದು ಮೂವತ್ತು ಹೆಜ್ಜೆಗೆ ಬರುವ ತನಕ ಎರಡು ಸಾಲು ಜೋಳ ನೆಲಕ್ಕೆ ಮಲಗಿತ್ತು. ಗುಂಡು ಹಾರಿತು. ಹೊಗೆ ತೆರವಾದಾಗ ಹಿಂಡು ಇರಲಿಲ್ಲ. ಗಂಡು ನಿಂತಲ್ಲೇ ಬಿದ್ದಿತ್ತು. ನಾನು ಹೋಗಿ ಕಣ್ಣು ಮುಟ್ಟಿದೆ, ಪಕ್ಕೆಗೆ ಕೈಯಿಟ್ಟೆ.

"ಮುಗದಾದ" ಎಂದೆ.

"ಖರೇ ಹೇಳ್ರಿ."

"ಖರೇ. ಅದಕ ಗೊತ್ತೇ ಆಗಿಲ್ಲ."

ಮೌಶಿ ಒಡ್ಡಿನ ಮೇಲೆ ಕೂತು, ಸೆರಗಿನಿಂದ ಮುಖ ಮುಚ್ಚಿಕೊಂಡರು. ಮೈದುನ ಮತ್ತೆಂದೂ ಬಂದೂಕು ಕೇಳಲಿಲ್ಲ.

ನನಗೆ ಭಾಲ್ಕಿಗೆ ವರ್ಗವಾಯಿತು. ಈಗ ನರಳುವ ದನವನ್ನು ಬಿಟ್ಟು ಎದ್ದುಬರುವುದಿಲ್ಲ. ಮುಗಿಯುವ ತನಕ ಇರುತ್ತೇನೆ. ಅದು ಮೌಶಿ ಕಲಿಸಿದ್ದು. ಅವರಿಗೆ ಇದನ್ನು ಹೇಳಬೇಕೆಂದುಕೊಂಡೇ ಎರಡು ವರ್ಷ ಕಳೆದವು.

ಹೋದ ಚಳಿಗಾಲ ಮೈದುನ ಫೋನ್ ಮಾಡಿದ. ಔರಾದದಲ್ಲಿ ಬಸ್ಸು ಬದಲಿಸಿ ನಾನು ತಲುಪುವಷ್ಟರಲ್ಲಿ ಮೌಶಿಯ ಮಣ್ಣು ಮುಗಿದಿತ್ತು. ಎರಡು ದಿನ ಬಾಗಿಲು ಹಾಕಿದ್ದನ್ನು ಕಂಡು, ಬೀದರಿಗೆ ಹೋಗಿರಬೇಕೆಂದು ನೆರೆಯವರು ಸುಮ್ಮನಿದ್ದರಂತೆ.

ಮೈದುನ ನನ್ನನ್ನು ಒಳಗೆ ಕರೆದುಕೊಂಡು ಹೋದ. ಮಂಚ ಒಳಮನೆಯಲ್ಲಿತ್ತು, ಹೊದಿಕೆ ನಡುಮನೆಯ ನೆಲದ ಮೇಲಿತ್ತು. ನೀರಿನ ಕೊಡದ ಪಕ್ಕ ಲೋಟ ಉರುಳಿತ್ತು. ಮುಂಬಾಗಿಲಿನ ಒಳಗಡೆ, ಅಗುಳಿಗಿಂತ ಬಹಳ ಕೆಳಗೆ, ನೆಲದಿಂದ ಒಂದು ಗೇಣು ಎತ್ತರದಲ್ಲಿ, ಬಣ್ಣದ ಮೇಲೆ ಉಗುರಿನ ನಾಲ್ಕು ಗೆರೆಗಳು. ಬಾಗಿಲ ಪಕ್ಕದ ಗೋಡೆಯಾಚೆ ನಾನಿದ್ದ ಖೋಲಿ. ನನ್ನ ನಂತರ ಅಲ್ಲಿಗೆ ಯಾರೂ ಬಂದಿರಲಿಲ್ಲ.

"ತ್ರಾಸ ಆಗಿರಲಿಕ್ಕಿಲ್ಲ ಅಲ್ಲೇನ್ರಿ, ಡಾಕ್ಟರ್ ಸಾಬ್?" ಎಂದು ಮೈದುನ ಕೇಳಿದ. "ನಿಮಗ ತಿಳೀತದ. ನೀವು ಹೇಳ್ರಿ."

ಅವನು ನನ್ನ ಮುಖವನ್ನೇ ನೋಡುತ್ತಿದ್ದ.

"ಇಲ್ಲ" ಎಂದೆ. "ಆಗಿಂದಾಗ ಹೋಗ್ಯಾರ."

ಅವನು ಟವೆಲಿನಿಂದ ಕಣ್ಣೊರೆಸಿಕೊಂಡು ಹೊರಗೆ ಹೋದ. ನಾನು ಅಲ್ಲೇ ಕೂತೆ. ಔರಾದಕ್ಕೆ ಹೋಗುವ ಕೊನೆಯ ಬಸ್ಸು ಹಾರ್ನ್ ಹಾಕಿತು. ನಾನು ಏಳಲಿಲ್ಲ. ಆ ಬಾಗಿಲಿನ ಪಕ್ಕ, ನೆಲದ ಮೇಲೆ ಕೂತೇ ಇದ್ದೆ.