ಕತ್ತಲಿಗೆ ಅಂಜುತ್ತಿದ್ದ ಸುವಾರ್ತವ್ವ

ಮೊರಬದಲ್ಲಿ ಸುವಾರ್ತವ್ವನ ಬಾಯಿಗೆ ಹೆದರದವರಿಲ್ಲ. ಹತ್ತಿ ಬಿಡಿಸಲು ಹೋದಲ್ಲಿ ಹೊಲದ ಗೌಡರಿಗೇ ಎದುರಾಡುವವಳು. ಅಂಥವಳು ಹೆದರುತ್ತಿದ್ದುದು ಕತ್ತಲೆಯೊಂದಕ್ಕೇ. ರಾತ್ರಿ ಕರೆಂಟು ಬಂದಾಗ ಹೊಲಕ್ಕೆ ನೀರು ಹಾಯಿಸಲು ಹೋದ ಗಂಡ ಯೋಹಾನಪ್ಪ ಹಾವು ಕಚ್ಚಿ ಸತ್ತ. ಅಂದಿನಿಂದ ಹೊತ್ತು ಮುಳುಗಿದರೆ ಅವಳು ಒಬ್ಬಳೇ ಹೊಸ್ತಿಲು ದಾಟಲಿಲ್ಲ.

ಬಯಲಿಗೆ ಹೋಗಬೇಕಾದರೆ ಬಾಜು ಮನೆಯ ದೇವಕ್ಕ ಬೇಕು. ದೇವಕ್ಕ ಬೀರಪ್ಪನ ಒಕ್ಕಲು, ಇವಳು ಯೇಸುವಿನ ಒಕ್ಕಲು. ಅದಕ್ಕೂ ಇದಕ್ಕೂ ಏನು ಸಂಬಂಧ? ಮುಂದೆ ಬ್ಯಾಟರಿ ಹಿಡಿದು ದೇವಕ್ಕ, ಹಿಂದೆ ಅವಳ ಸೆರಗು ಹಿಡಿದು ಇವಳು. ಪಾಯಖಾನೆ ಕಟ್ಟಿಸಿದ ಮೇಲೂ ಅದು ಹಿತ್ತಲ ತುದಿಗಿದ್ದುದರಿಂದ ದೇವಕ್ಕನಿಗೆ ಬಿಡುಗಡೆ ಸಿಗಲಿಲ್ಲ. ಊರವರು ನಕ್ಕರು. ನಗಲಿ, ಅಂಥ ಗೆಳತಿ ನಕ್ಕವರಲ್ಲಿ ಯಾರ ಹಣೆಯಲ್ಲೂ ಬರೆದಿರಲಿಲ್ಲ.

ಹೋದ ವರ್ಷ ಸುವಾರ್ತವ್ವನ ಹೊಟ್ಟೆಯಲ್ಲಿ ಗಡ್ಡೆ ಬೆಳೆಯಿತು. ಹುಬ್ಬಳ್ಳಿಯ ಡಾಕ್ಟರು, ಇನ್ನು ಮನೆಗೆ ಕರೆದೊಯ್ಯಿರಿ ಎಂದುಬಿಟ್ಟರು. ನವಲಗುಂದದಿಂದ ಪಾಸ್ಟರ್ ಬಂದು ಪ್ರಾರ್ಥನೆ ಮಾಡಿದರು.

"ಅಂಜಬ್ಯಾಡ್ರಿ ಸುವಾರ್ತವ್ವ. ನೀವು ಹೋಗೂ ಊರಾಗ ಕತ್ತಲಿ ಅನ್ನೂದ ಇಲ್ಲ. ದೇವರ ಬೆಳಕು ಯಾವಾಗ್ಲೂ ಇರತೈತಿ."

"ಅದು ಚಲೋ ಆತ್ರಿ," ಎಂದಳು ಸುವಾರ್ತವ್ವ. "ಆದ್ರ ಈ ದೇವಕ್ಕನ್ನ ಒಳಗ ಬಿಡತಾರೇನ್ರಿ?"

ಪಾಸ್ಟರ್ ಪಕ್ಕದಲ್ಲಿ ಕುಳಿತ ದೇವಕ್ಕನ ಹಣೆಗಿದ್ದ ಬೀರಪ್ಪನ ಅರಿಸಿನ ಭಂಡಾರ ನೋಡಿದರು. ಸುಳ್ಳು ಹೇಳುವ ಮನುಷ್ಯನಲ್ಲ. "ಅದು ದೇವರಿಗೆ ಬಿಟ್ಟದ್ದರಿ," ಎಂದರು.

ಸುವಾರ್ತವ್ವ ಗೋಡೆಯ ಕಡೆ ಹೊರಳಿ ಮಲಗಿದಳು. ದೇವಕ್ಕನಿಲ್ಲದ ಬೆಳಕಿನ ಊರು ಅವಳಿಗೆ ಬೇಡವಾಗಿತ್ತು. ಏಳಲು ಹೊರಟ ಪಾಸ್ಟರ್ ಮತ್ತೆ ಕುಳಿತರು.

"ಒಂದ ಮಾತ್ರ ಖರೇರಿ. ಆ ಊರಿನ ಅಗಸಿ ಬಾಗಲಾ ಎಂದೂ ಹಾಕೂದಿಲ್ಲ. ರಾತ್ರಿನ ಇಲ್ಲಂದಮ್ಯಾಲ ಯಾಕ ಹಾಕಬೇಕ್ರಿ?"

ಸುವಾರ್ತವ್ವ ಥಟ್ಟನೆ ಈ ಕಡೆ ತಿರುಗಿದಳು.

"ಕೇಳಿದಿ ಇಲ್ಲೊ ದೇವಕ್ಕ? ಬಾಗಲಾ ಹಾಕೂದಿಲ್ಲಂತ. ಅವಸರಾ ಮಾಡಬ್ಯಾಡ, ಮಮ್ಮಕ್ಕಳ ಲಗ್ನಾ ಎಲ್ಲಾ ಮುಗಿಸಿಕೊಂಡು ಸಾವಕಾಶ ಬಾ. ನಾ ಅಗಸ್ಯಾಗ ಕುಂತಿರತೇನಿ. ಯಾರರ ತಡದ್ರ ನಾ ಮಾತಾಡತೇನಿ."

"ಸುಮ್ನ ಮಲ್ಕೋ ಬೇ," ಎಂದು ಗದರಿದ ದೇವಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆ ವಾರವೇ, ಒಂದು ಮಧ್ಯಾಹ್ನ, ಸುವಾರ್ತವ್ವ ತೀರಿಕೊಂಡಳು. ಮಣ್ಣಿನ ದಿನ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿ ಸರಿದರು. ದೇವಕ್ಕ ಕೊನೆಗೆ ಬಂದಳು. ಮಣ್ಣು ಹಾಕಿ, ಕುಣಿಯ ಕಡೆ ಬಗ್ಗಿ, ಮನೆಯಲ್ಲಿ ಕರೆದಂತೆಯೇ ಗಟ್ಟಿಯಾಗಿ ಹೇಳಿದಳು:

"ಅಗಸಿ ಬಿಟ್ಟು ಎದ್ದು ಹೋಗಬ್ಯಾಡ ಬೇ. ನಾ ಬರತೇನಿ."